ಸೀನುವವರ ಜೊತೆ ಬಾಳುವವರಿಗೆ ನಾಲ್ಕು ಮಾತು

(ಮೂಗಿನ ಅಲರ್ಜಿ ಇರುವವರ ಮನೆಮಂದಿಗಾಗಿ ನಡೆದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮೂಗಿನ ಅಲರ್ಜಿ ಇರುವವರು ಏನು ಮಾಡಬೇಕು ಅಂತ ಹೇಳುವವರಿಗೆ ಬರವಿಲ್ಲ. ವೈದ್ಯರು ಹೇಳುತ್ತಾರೆ, ಔಷಧಿ ಡಬ್ಬಿಯೊಳಗಿನ ಚೀಟಿ ಹೇಳುತ್ತದೆ, ನೆಂಟರಂತೂ ಕೇಳದಿದ್ದರೂ ಹೇಳುತ್ತಾರೆ. ನಾನು ಇವತ್ತು ಮಾತಾಡುವುದು ಅವರ ಪಕ್ಕದಲ್ಲಿ ಇರುವವರ ಬಗ್ಗೆ. ಅಂದರೆ ನಿಮ್ಮ ಬಗ್ಗೆ, ನನ್ನ ಬಗ್ಗೆ. ನನ್ನ ಹೆಂಡತಿಗೆ ವರ್ಷವಿಡೀ ಕಾಡುವ ಮೂಗಿನ ಅಲರ್ಜಿ ಇದೆ. ನಾನು ವೈದ್ಯನಲ್ಲ. ಅವಳ ವೈದ್ಯರನ್ನು ಕೇಳಿ, ಓದಿ, ಮನೆಯಲ್ಲಿ ಕಣ್ಣಾರೆ ಕಂಡು ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಹೇಳಬೇಕಾದ ಮುಖ್ಯ ವಿಷಯ ಒಂದೇ. ಅಲರ್ಜಿ ಇರುವವರಿಗೆ ನಮ್ಮ ಸಲಹೆ ಬೇಕಾಗಿಲ್ಲ, ಅದು ಅವರಿಗೆ ಸಾಕಾಗಿ ಹೋಗಿದೆ. ಅವರ ಕೈಯಲ್ಲಿರುವ ಕೆಲವು ಕೆಲಸಗಳನ್ನು ನಾವು ತೆಗೆದುಕೊಳ್ಳಬೇಕು. ಆ ಕೆಲಸಗಳು ಯಾವುವು, ಯಾಕೆ, ಅನ್ನುವುದೇ ಇವತ್ತಿನ ಮಾತು.

ಆದರೆ ಕೈ ಹಾಕುವ ಮೊದಲು ನಂಬಿಕೆ ಬೇಕು. "ಬರೀ ಸೀನು ತಾನೇ, ಅದಕ್ಕೆ ಇಷ್ಟೊಂದಾ?" ಅನ್ನುವ ಭಾವನೆ ನಮ್ಮೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಕೂತಿರುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಮುಖದಲ್ಲಿ ಕಾಣುತ್ತದೆ. ಅಲರ್ಜಿ ಇರುವವರು ಅದನ್ನು ಓದಿಬಿಡುತ್ತಾರೆ. ಆಮೇಲೆ ಕಷ್ಟ ಆದಾಗಲೂ ಹೇಳುವುದನ್ನು ನಿಲ್ಲಿಸುತ್ತಾರೆ.

ಈ ಕಾಯಿಲೆಯ ಚರಿತ್ರೆಯಲ್ಲೇ ಇದಕ್ಕೆ ಸಂಬಂಧಪಟ್ಟ ಒಂದು ಕಥೆ ಇದೆ. 1819ರಲ್ಲಿ ಜಾನ್ ಬೋಸ್ಟಾಕ್ ಎಂಬ ಇಂಗ್ಲಿಷ್ ವೈದ್ಯರು ಲಂಡನ್ನಿನ ವೈದ್ಯರ ಸಂಘದ ಮುಂದೆ ಒಬ್ಬ ರೋಗಿಯ ವಿವರ ಓದಿದರು. ಪ್ರತಿ ಬೇಸಿಗೆಯಲ್ಲೂ ಆ ರೋಗಿಗೆ ಕಣ್ಣು ಉರಿ, ಸಾಲು ಸಾಲು ಸೀನು, ಉಸಿರು ಕಟ್ಟುವುದು. ಆ ರೋಗಿ ಬೇರೆ ಯಾರೂ ಅಲ್ಲ, ಬೋಸ್ಟಾಕ್ ಅವರೇ. ಮುಂದೆ 1873ರಲ್ಲಿ ಚಾರ್ಲ್ಸ್ ಬ್ಲಾಕ್ಲಿ ಎಂಬ ಇನ್ನೊಬ್ಬ ವೈದ್ಯರು ಇದಕ್ಕೆಲ್ಲ ಹೂವಿನ ಪರಾಗ ಕಾರಣ ಅಂತ ತೋರಿಸಿಕೊಟ್ಟರು. ಅವರಿಗೂ ಅದೇ ತೊಂದರೆ ಇತ್ತು. ಪರಾಗವನ್ನು ತಮ್ಮ ಮೂಗಿಗೇ ಹಾಕಿಕೊಂಡು, ತಮ್ಮ ಚರ್ಮದ ಮೇಲೇ ಉಜ್ಜಿಕೊಂಡು ಪರೀಕ್ಷೆ ಮಾಡಿದರು. ಅನುಭವಿಸಿದವರೇ ಮುಂದೆ ಬಂದು ಹೇಳಬೇಕಾಯಿತು, ಗಮನಿಸಿ. ಆಮೇಲೂ ಸುಮಾರು ಒಂದು ಶತಮಾನ ಬೇಕಾಯಿತು, ರಕ್ತದಲ್ಲಿ ಇದಕ್ಕೆ ಕಾರಣವಾದ ಐಜಿಇ (IgE) ಎಂಬ ಪ್ರತಿಕಾಯ, ಅಂದರೆ ಆಂಟಿಬಾಡಿ, ಸಿಗುವುದಕ್ಕೆ. 1966ರಲ್ಲಿ ಅದನ್ನು ಗುರುತಿಸಿದವರು ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದು. ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನಿಕ್ ಎಂಬ ವಿಜ್ಞಾನಿಗಳೂ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದರು.

ಹಾಗಾಗಿ ಇದು ಮನಸ್ಸಿನ ಕಲ್ಪನೆ ಅಲ್ಲ, ನಾಜೂಕಿನ ಸ್ವಭಾವವೂ ಅಲ್ಲ. ಧೂಳೋ ಪರಾಗವೋ ಮೂಗಿನೊಳಗೆ ಹೋದಾಗ, ಅಲ್ಲಿನ ಪೊರೆಯಲ್ಲಿ ಕಾದು ಕೂತಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕವನ್ನು ಹೊರಗೆ ಚೆಲ್ಲುತ್ತವೆ. ಕೆಲವೇ ನಿಮಿಷದಲ್ಲಿ ತುರಿಕೆ, ಸೀನು, ನೀರು ಸುರಿಯುವುದು ಶುರು. ಇಷ್ಟು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತು. ಎರಡನೇ ಹಂತ ಒಂದಿದೆ, ಅದು ಮನೆಯವರಿಗೆ ಗೊತ್ತಿರುವುದಿಲ್ಲ. ಮೊದಲ ಗಲಾಟೆ ಮುಗಿದು ನಾಲ್ಕರಿಂದ ಎಂಟು ಗಂಟೆಯ ನಂತರ, ಬೇರೆ ಉರಿಯೂತದ ಕೋಶಗಳು ಮೂಗಿಗೆ ಬಂದು ಸೇರುತ್ತವೆ. ಆಗ ಸೀನು ಕಡಿಮೆ, ಮೂಗು ಕಟ್ಟುವುದು ಜಾಸ್ತಿ.

ಇದು ಮನೆಯಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ಬೆಳಿಗ್ಗೆ ಅಟ್ಟದಿಂದ ಹಳೇ ಪೆಟ್ಟಿಗೆ ಇಳಿಸಿರುತ್ತಾರೆ. ನಾಲ್ಕು ಸೀನು ಬಂದು ನಿಂತಿರುತ್ತದೆ. ಸಂಜೆ ಕೂತಲ್ಲೇ ಮೂಗು ಮುಚ್ಚಿಕೊಂಡು, ತಲೆ ಭಾರವಾಗಿ, ಮಾತು ಬೇಡ ಅನ್ನಿಸುವ ಸ್ಥಿತಿ. ಪಕ್ಕದಲ್ಲಿರುವವರು ಕೇಳುತ್ತಾರೆ: "ಈಗ ಧೂಳೇ ಇಲ್ಲವಲ್ಲ, ಈಗ ಯಾಕೆ?" ಈಗಿನ ಧೂಳಿಗೆ ಅಲ್ಲ, ಬೆಳಗಿನ ಧೂಳಿಗೆ. ಇನ್ನೊಂದು ವಿಷಯ. ದಿನಗಟ್ಟಲೆ ಅಲರ್ಜಿಯ ವಸ್ತು ತಾಗುತ್ತಾ ಇದ್ದರೆ ಮೂಗು ಇನ್ನೂ ಸೂಕ್ಷ್ಮ ಆಗುತ್ತದೆ. ಮೊದಲ ವಾರ ಏನೂ ಮಾಡದಿದ್ದ ಅಷ್ಟೇ ಧೂಳು ಮೂರನೇ ವಾರ ಹೈರಾಣ ಮಾಡುತ್ತದೆ. "ಮೊನ್ನೆ ಇದೇ ಕೋಣೆಯಲ್ಲಿ ಚೆನ್ನಾಗಿದ್ದೆಯಲ್ಲ" ಅನ್ನುವ ವಾದಕ್ಕೆ ಅರ್ಥವಿಲ್ಲ.

ನಿದ್ದೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಲಗಿದಾಗ ಮೂಗಿನೊಳಗೆ ರಕ್ತ ತುಂಬಿಕೊಂಡು ಪೊರೆ ಊದುತ್ತದೆ. ಎಲ್ಲರಿಗೂ ಹಾಗೇ. ಮೊದಲೇ ಊದಿಕೊಂಡ ಮೂಗಿಗೆ ಅದು ಸಾಕು, ಬಾಗಿಲೇ ಮುಚ್ಚಿಹೋಗುತ್ತದೆ. ರಾತ್ರಿಯಿಡೀ ಬಾಯಲ್ಲಿ ಉಸಿರಾಟ, ಒಣಗಿದ ಗಂಟಲು, ಮಗ್ಗುಲು ಬದಲಿಸುತ್ತಾ ಅರೆಬರೆ ನಿದ್ದೆ. ಹಾಸಿಗೆಯಲ್ಲಿ ಎಂಟು ಗಂಟೆ ಇದ್ದರೂ ಎದ್ದಾಗ ಮೈ ಹಗುರ ಇರುವುದಿಲ್ಲ. ವೈದ್ಯರು ಜಗತ್ತಿನಾದ್ಯಂತ ಬಳಸುವ, ಮೂಗಿನ ಅಲರ್ಜಿಯ ಬಗೆಗಿನ ಏರಿಯಾ (ARIA) ಎಂಬ ಮಾರ್ಗಸೂಚಿಯಲ್ಲಿ ಈ ಅಲರ್ಜಿ ಸೌಮ್ಯವೋ ತೀವ್ರವೋ ಅಂತ ತೀರ್ಮಾನಿಸಲು ಕೇಳುವ ಪ್ರಶ್ನೆಗಳಲ್ಲಿ ನಿದ್ದೆ ಕೆಡುತ್ತದಾ ಅನ್ನುವುದೂ ಒಂದು. ಎಷ್ಟು ಸಲ ಸೀನಿದಿರಿ ಅನ್ನುವ ಲೆಕ್ಕ ಅಲ್ಲಿಲ್ಲ. ನಿದ್ದೆ, ದಿನದ ಓಡಾಟ, ಕೆಲಸ ಅಥವಾ ಓದು, ಇಂಥವೇ ಅಳತೆ.

ಓದಿನ ಮಾತು ಬಂತು. ಬ್ರಿಟನ್ನಿನಲ್ಲಿ 15ರಿಂದ 17 ವರ್ಷದ 1,800ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಗಮನಿಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಪರಾಗದ ಕಾಲದಲ್ಲಿ ನಡೆಯುವ ಅಂತಿಮ ಪರೀಕ್ಷೆಯಲ್ಲಿ, ಮೊದಲು ಬರೆದ ತಯಾರಿ ಪರೀಕ್ಷೆಗಿಂತ ಒಂದು ಗ್ರೇಡ್ ಕೆಳಗೆ ಇಳಿಯುವ ಸಾಧ್ಯತೆ ಅಲರ್ಜಿಯ ಲಕ್ಷಣ ಇದ್ದವರಲ್ಲಿ 40% ಜಾಸ್ತಿ ಇತ್ತು. ನಿದ್ದೆ ಬರಿಸುವ ಹಳೆಯ ಬಗೆಯ ಅಲರ್ಜಿ ಮಾತ್ರೆ ತೆಗೆದುಕೊಂಡವರಲ್ಲಿ 70% ಜಾಸ್ತಿ. ಮಗು ಓದಿನಲ್ಲಿ ಹಿಂದೆ ಬಿದ್ದಾಗ ನಾವು ಸೋಮಾರಿತನ ಅಂತೀವಿ, ಗಮನ ಇಲ್ಲ ಅಂತೀವಿ. ಮೂಗನ್ನು ಒಮ್ಮೆ ನೋಡಬೇಕು ಅಂತ ಎಷ್ಟು ಜನಕ್ಕೆ ಹೊಳೆಯುತ್ತದೆ?

ಈಗ ಕೆಲಸಕ್ಕೆ ಬರೋಣ. ಮೊದಲ ಕೆಲಸ ಹಾಸಿಗೆಯದು.

ಬೆಳಿಗ್ಗೆ ಎದ್ದ ತಕ್ಷಣ ಸೀನು ಯಾಕೆ ಜಾಸ್ತಿ? ವರ್ಷವಿಡೀ ಅಲರ್ಜಿ ಇರುವ ಬಹಳ ಜನರ ಶತ್ರು ಧೂಳುಹುಳ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಆಹಾರ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ಬೆಚ್ಚಗೆ, ತೇವವಾಗಿ, ಆಹಾರ ತುಂಬಿಕೊಂಡು ಇರುವ ಜಾಗ ಮನೆಯಲ್ಲಿ ಯಾವುದು? ಹಾಸಿಗೆ, ದಿಂಬು. ಅಲರ್ಜಿ ಬರಿಸುವುದು ಹುಳಕ್ಕಿಂತ ಮುಖ್ಯವಾಗಿ ಅದರ ಹಿಕ್ಕೆ. ಆ ಕಣಗಳು ಸ್ವಲ್ಪ ಭಾರ, ಹಾಗಾಗಿ ಗಾಳಿಯಲ್ಲಿ ಸದಾ ತೇಲಾಡುವುದಿಲ್ಲ. ಕೆದಕಿದಾಗ ಏಳುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಕೆಳಗೆ ಕೂರುತ್ತವೆ.

ಈ ಒಂದು ವಿಷಯದಿಂದ ನಮ್ಮ ಮನೆಯ ಬೆಳಗಿನ ಪದ್ಧತಿಯೇ ಬದಲಾಯಿತು. ಹಾಸಿಗೆ ಕೆಲಸ ಈಗ ಪೂರ್ತಿ ನನ್ನದು. ಅವಳು ಕೋಣೆ ಬಿಟ್ಟು ಹೋದ ಮೇಲೆ ಕಿಟಕಿ ತೆಗೆಯುತ್ತೇನೆ. ಬೆಡ್‌ಶೀಟನ್ನು ಜಾಡಿಸುವುದಿಲ್ಲ. ಜಾಡಿಸಿದರೆ ಹಾಸಿಗೆಯಲ್ಲಿದ್ದದ್ದೆಲ್ಲ ಗಾಳಿಗೆ ಬರುತ್ತದೆ. ನಾಲ್ಕು ಮೂಲೆಯನ್ನೂ ನಡುವಿಗೆ ತಂದು, ಮೇಲ್ಮೈ ಒಳಗೆ ಹೋಗುವ ಹಾಗೆ ಮಡಚಿಕೊಂಡು, ಗಂಟಿನ ಹಾಗೆ ಎತ್ತಿ ನೇರವಾಗಿ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕುತ್ತೇನೆ. ದಿಂಬಿನ ಕವರನ್ನು ಒಳಗು ಹೊರಗು ತಿರುಗಿಸುತ್ತಾ ಬಿಚ್ಚಿದರೆ ಧೂಳು ಒಳಗೇ ಉಳಿಯುತ್ತದೆ. ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಒಗೆದರೆ ಹುಳ ಸಾಯುತ್ತದೆ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆಯ ಅಂಶ ಒಂದಷ್ಟು ತೊಳೆದು ಹೋಗುತ್ತದೆ, ಹುಳ ಉಳಿದುಕೊಳ್ಳುತ್ತದೆ. ಹೊಸ ಶೀಟ್ ಹಾಸಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಕೋಣೆಯನ್ನು ಹಾಗೇ ಬಿಡುತ್ತೇನೆ. ಆಮೇಲೆ ಅವಳು ಬರಬಹುದು.

ಗುಡಿಸುವುದು, ಪುಸ್ತಕದ ಕಪಾಟು ಒರೆಸುವುದು, ಫ್ಯಾನಿನ ರೆಕ್ಕೆ ಒರೆಸುವುದು, ಜೇಡರ ಬಲೆ ತೆಗೆಯುವುದು, ಬಹಳ ದಿನದಿಂದ ಮುಚ್ಚಿಟ್ಟ ಪೆಟ್ಟಿಗೆ ತೆರೆಯುವುದು, ಇವೆಲ್ಲ ಇದೇ ಲೆಕ್ಕಕ್ಕೆ ಬರುತ್ತವೆ. ಎಷ್ಟೋ ಮನೆಗಳಲ್ಲಿ ಅಲರ್ಜಿ ಇರುವವರೇ ಧೂಳು ಹೊಡೆಯುತ್ತಾರೆ. ಅದರಲ್ಲೂ ಅಲರ್ಜಿ ಹೆಂಗಸರಿಗೆ ಇದ್ದರೆ ಬಹುಪಾಲು ಹಾಗೇ. ಸೀನುತ್ತಾ ಗುಡಿಸುತ್ತಾರೆ, ಉಳಿದವರು "ಮಾತ್ರೆ ತಗೋ" ಅನ್ನುತ್ತಾರೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಪೊರಕೆ ಇಸಿದುಕೊಳ್ಳುವುದು ಅಷ್ಟು ಕಷ್ಟವಾ? ಮಾಡಲೇಬೇಕಾದ ದಿನ ಬಂದರೆ ಅವರಿಗೆ ಮೂಗಿನ ಮೇಲೆ ಸರಿಯಾಗಿ ಕೂರುವ ಮಾಸ್ಕ್ ಇರಲಿ.

ಬೂಷ್ಟಿನ ಬಗ್ಗೆಯೂ ಒಂದು ಮಾತು. ಸೋರುವ ನಲ್ಲಿ, ಒದ್ದೆ ಗೋಡೆ, ಗಾಳಿ ಆಡದ ಬಚ್ಚಲುಮನೆ ಇದ್ದರೆ ಬೂಷ್ಟಿನ ಕಣಗಳೂ ಅಲರ್ಜಿ ಬರಿಸುತ್ತವೆ. ಮೇಲೆ ಬಣ್ಣ ಬಳಿದು ಪ್ರಯೋಜನ ಇಲ್ಲ, ಸೋರಿಕೆ ನಿಲ್ಲಿಸಬೇಕು. ಮನೆಯ ಗಾಳಿಯಲ್ಲಿ ತೇವ 50%ಕ್ಕಿಂತ ಕಡಿಮೆ ಇದ್ದರೆ ಬೂಷ್ಟಿಗೂ ಕಷ್ಟ, ಧೂಳುಹುಳಕ್ಕೂ ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಬರೀ ಸ್ವಚ್ಛತೆಯಿಂದ ಅಲರ್ಜಿ ಹೋಗುವುದಿಲ್ಲ. ಧೂಳುಹುಳ ದಾಟಲಾಗದ ಹಾಸಿಗೆ ಕವರ್‌ಗಳ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಒಳ್ಳೆಯ ಅಧ್ಯಯನ 2003ರಲ್ಲಿ ಬಂತು. ಕವರ್ ಹಾಕಿದ ಹಾಸಿಗೆಯಲ್ಲಿ ಹುಳದ ಅಂಶ ಕಡಿಮೆ ಆಗಿತ್ತು. ಆದರೆ ಜನರ ಸೀನು, ಮೂಗು ಕಟ್ಟುವುದು ಮಾತ್ರ ಕವರ್ ಇಲ್ಲದವರಿಗಿಂತ ಕಡಿಮೆ ಆಗಿರಲಿಲ್ಲ. ಒಂದೇ ಒಂದು ಉಪಾಯವನ್ನು ನೆಚ್ಚಿಕೊಂಡರೆ ಹೀಗಾಗುತ್ತದೆ. ದುಬಾರಿ ಯಂತ್ರ ತಂದಿಟ್ಟು "ಇಷ್ಟು ಖರ್ಚು ಮಾಡಿದ್ದೀನಿ, ಇನ್ನೂ ಸೀನ್ತೀಯಲ್ಲ" ಅನ್ನುವ ಮನೆಗಳನ್ನು ನಾನು ಬಲ್ಲೆ. ಮೊದಲು ಔಷಧಿ ಸರಿಯಾಗಲಿ. ಅದರ ಜೊತೆಗೆ ಧೂಳಿನ ಕೆಲಸ ಮನೆಯವರ ಕೈಗೆ ಬರಲಿ. ಉಳಿದದ್ದು ಆಮೇಲೆ.

ಪರಾಗದ ಅಲರ್ಜಿ ಇದ್ದರೆ ದಾರಿ ಬೇರೆ. ಅಲ್ಲಿ ಶತ್ರು ಹೊರಗಿದ್ದಾನೆ. ಪರಾಗ ಜಾಸ್ತಿ ಇರುವ ದಿನ ಕಿಟಕಿ ಮುಚ್ಚಿ. ಬಟ್ಟೆಯನ್ನು ಹೊರಗೆ ಒಣಹಾಕಬೇಡಿ. ಹೊರಗಿಂದ ಬಂದವರು ಬಟ್ಟೆ ಬದಲಿಸಲಿ, ಮಲಗುವ ಮುಂಚೆ ತಲೆ ತೊಳೆದುಕೊಳ್ಳಲಿ. ಇದು ಅಲರ್ಜಿ ಇರುವವರಿಗೆ ಮಾತ್ರ ಅಂತ ತಿಳಿಯಬೇಡಿ. ನೀವು ತೋಟದಲ್ಲಿ ಓಡಾಡಿ ಬಂದು ಅದೇ ಅಂಗಿಯಲ್ಲಿ ಅವರ ದಿಂಬಿಗೆ ಒರಗಿದರೆ, ಪರಾಗ ತಂದವರು ನೀವೇ.

ಸೆಂಟು, ಸಿಗರೇಟು, ಸುಗಂಧದ ಬತ್ತಿ, ಹೊಸ ಪೇಂಟು, ಘಾಟಿನ ಕ್ಲೀನರ್. ಇವುಗಳಿಗೆ ಐಜಿಇ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ಆದರೂ ಊದಿಕೊಂಡ ಮೂಗಿಗೆ ಇವು ಚುಚ್ಚುತ್ತವೆ. "ಟೆಸ್ಟಲ್ಲಿ ಬಂದಿಲ್ಲವಲ್ಲ" ಅಂತ ವಾದ ಬೇಡ. ಮನೆಯೊಳಗೆ ಸಿಗರೇಟು ಬೇಡವೇ ಬೇಡ. ಸೆಂಟು ಬೇಕೇ ಬೇಕು ಅನ್ನುವವರು ಮನೆಯಿಂದ ಹೊರಗೆ ಹೋಗಿ ಹಾಕಿಕೊಳ್ಳಬಹುದು.

ಔಷಧಿಯ ವಿಷಯ. ಯಾವ ಔಷಧಿ ಅನ್ನುವುದು ವೈದ್ಯರಿಗೆ ಬಿಟ್ಟದ್ದು. ಅದು ಮನೆಯಲ್ಲಿ ಹೇಗೆ ನಡೆಯುತ್ತದೆ ಅನ್ನುವುದರಲ್ಲಿ ನಮ್ಮ ಪಾತ್ರ ಇದೆ.

ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ, ಉದಾಹರಣೆಗೆ ಫ್ಲೂಟಿಕಸೋನ್, ಮೊಮೆಟಸೋನ್, ಈ ಕಾಯಿಲೆಗೆ ಇರುವ ಔಷಧಿಗಳಲ್ಲಿ ಬಹಳ ಪರಿಣಾಮಕಾರಿ. ಮೂಗು ಕಟ್ಟುವುದೇ ಮುಖ್ಯ ತೊಂದರೆ ಆದವರಿಗೆ ಇನ್ನೂ ಹೆಚ್ಚು. ಸ್ಟೀರಾಯ್ಡ್ ಅಂದ ಕೂಡಲೇ ಮನೆಯಲ್ಲಿ ಹಿರಿಯರು ಹೆದರುತ್ತಾರೆ. ಹೆದರಿಕೆ ಮಾತ್ರೆ, ಇಂಜೆಕ್ಷನ್ ರೂಪದ ಸ್ಟೀರಾಯ್ಡಿನಿಂದ ಬಂದದ್ದು. ನಾನು ಹೆಸರಿಸಿದ ಈ ಸ್ಪ್ರೇಗಳಲ್ಲಿ ಪ್ರಮಾಣ ತೀರಾ ಕಡಿಮೆ, ರಕ್ತಕ್ಕೆ ಸೇರುವುದು ಇನ್ನೂ ಅತ್ಯಲ್ಪ. ಆದರೆ ಇವು ಹೊಡೆದ ತಕ್ಷಣ ಕೆಲಸ ಮಾಡುವುದಿಲ್ಲ. ಪೂರ್ತಿ ಗುಣ ಕಾಣಲು ಎರಡು ವಾರದ ತನಕ ಬೇಕಾಗಬಹುದು, ಅದೂ ದಿನಾ ತಪ್ಪದೆ ಹೊಡೆದರೆ. ಬಹಳ ಜನ ಮೂರು ದಿನ ನೋಡಿ "ಇದು ನನಗೆ ಆಗಲ್ಲ" ಅಂತ ಮೂಲೆಗೆ ಎಸೆಯುತ್ತಾರೆ.

ಹೊಡೆಯುವ ರೀತಿಯನ್ನು ಒಮ್ಮೆ ತೋರಿಸುತ್ತೇನೆ, ನೋಡಿ. ಮೊದಲು ಮೂಗು ಸೀಟಿಕೊಂಡು ಸ್ವಚ್ಛ ಮಾಡಿಕೊಳ್ಳಬೇಕು. ಬಾಟಲಿ ಕುಲುಕಬೇಕು. ತಲೆಯನ್ನು ಹಿಂದಕ್ಕೆ ಎತ್ತಬಾರದು, ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹೀಗೆ ಕೈ ಅದಲುಬದಲು ಮಾಡಿದಾಗ ಬಾಟಲಿಯ ತುದಿ ತಾನಾಗೇ ಹೊರಗಡೆಗೆ, ಅದೇ ಬದಿಯ ಕಿವಿಯ ಕಡೆಗೆ ತಿರುಗುತ್ತದೆ. ನಡುವಿನ ಗೋಡೆಗೆ ತಾಗುವುದಿಲ್ಲ. ಆ ಗೋಡೆಗೆ ದಿನಾ ಬಿದ್ದರೆ ಒಣಗಿ ರಕ್ತ ಬರುತ್ತದೆ. ಒತ್ತುವಾಗ ಮೆಲ್ಲಗೆ ಉಸಿರೆಳೆದುಕೊಂಡರೆ ಸಾಕು. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿಯುತ್ತದೆ, ಕಹಿ ಮಾತ್ರ ಸಿಗುತ್ತದೆ. ಮನೆಗೆ ಹೋಗಿ ನಿಮ್ಮವರು ಹೇಗೆ ಹೊಡೆಯುತ್ತಾರೆ ಅಂತ ಸುಮ್ನೆ ಗಮನಿಸಿ. ತುಂಬಾ ಜನ ತಲೆ ಹಿಂದಕ್ಕೆ ಎತ್ತಿ ಜೋರಾಗಿ ಎಳೆಯುತ್ತಾರೆ.

ಮೂಗು ತಕ್ಷಣ ಬಿಡಿಸುವ ಇನ್ನೊಂದು ಬಗೆಯ ಹನಿ ಇದೆ. ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಅಂತ ಬರೆದಿರುತ್ತದೆ. ಐದು ನಿಮಿಷದಲ್ಲಿ ಉಸಿರು ಸಲೀಸು. ಅದೇ ಅಪಾಯ. ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಅದಕ್ಕೆ ಒಗ್ಗಿಕೊಂಡು, ಹನಿ ಬಿಟ್ಟ ಕೂಡಲೇ ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಕಟ್ಟು. ತಿಂಗಳುಗಟ್ಟಲೆ ಈ ಬಲೆಯಲ್ಲಿ ಸಿಕ್ಕಿಬಿದ್ದವರಿದ್ದಾರೆ. ದಿಂಬಿನ ಪಕ್ಕ ಈ ಬಾಟಲಿ ಸದಾ ಇದ್ದರೆ ಗದರಬೇಡಿ. ವೈದ್ಯರ ಹತ್ತಿರ ಜೊತೆಗೆ ಹೋಗಿ, ಬಿಡುವ ದಾರಿ ಕೇಳಿ.

ಮಾತ್ರೆಗಳಲ್ಲಿ ಹಳೆಯವು, ಕ್ಲೋರ್‌ಫೆನಿರಮೈನ್ ತರಹದವು, ನಿದ್ದೆ ಬರಿಸುತ್ತವೆ. ಮರುದಿನ ಬೆಳಿಗ್ಗೆಯೂ ಮಂಪರು ಉಳಿಯಬಹುದು. ನಿದ್ದೆ ಬರುತ್ತಿಲ್ಲ ಅಂತ ಅವರಿಗೇ ಅನ್ನಿಸುತ್ತಿದ್ದರೂ ಗಾಡಿ ಓಡಿಸುವ ಚುರುಕು ತಗ್ಗಿರುತ್ತದೆ. ಲೋರಾಟಡಿನ್, ಫೆಕ್ಸೊಫೆನಡಿನ್ ತರಹದ ಹೊಸವುಗಳಲ್ಲಿ ಈ ತೊಂದರೆ ತುಂಬಾ ಕಡಿಮೆ. ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಮಾತ್ರೆ ನುಂಗಿದ ದಿನ ಗಾಡಿಯ ಕೀ ನೀವು ತಗೊಳ್ಳಿ.

ಮಾಂಟೆಲುಕಾಸ್ಟ್ ಅನ್ನುವ ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ. ಇದರಿಂದ ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ, ಸಾಯುವ ಯೋಚನೆ ಕೂಡ ಬರಬಹುದು ಅಂತ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತನ್ನ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಇಂಥ ಬದಲಾವಣೆ ಮೊದಲು ಕಾಣುವುದು ಮನೆಯವರಿಗೆ. ಔಷಧಿ ನುಂಗುವವರಿಗೆ ತಾನು ಬದಲಾಗಿದ್ದೇನೆ ಅಂತ ಗೊತ್ತಾಗದೇ ಇರಬಹುದು. ಮಗು ಇದ್ದಕ್ಕಿದ್ದಂತೆ ಹಠಮಾರಿ ಆದರೆ, ರಾತ್ರಿ ಕಿರುಚಿ ಎದ್ದರೆ, ಅದೇ ದಿನ ವೈದ್ಯರಿಗೆ ಫೋನ್ ಮಾಡಿ.

ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯದು, ಒಳಗಿನ ಧೂಳು ಪರಾಗ ತೊಳೆದು ಹೋಗುತ್ತದೆ. ಆದರೆ ನಲ್ಲಿ ನೀರನ್ನು ನೇರವಾಗಿ ಹಾಕಬೇಡಿ. ನೀಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋಗಿ ಪ್ರಾಣ ತೆಗೆದ ಪ್ರಸಂಗಗಳಿವೆ. ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಚೆನ್ನಾಗಿ ಕುದಿಸಿ ಆರಿಸಿದ ನೀರು ಬೇಕು, ಇಲ್ಲವೇ ಡಿಸ್ಟಿಲ್ಡ್ ನೀರು. ನೀರು ಕುದಿಸಿ ಮುಚ್ಚಿಡುವ ಕೆಲಸವನ್ನು ಯಾರು ಮಾಡಬಹುದು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಬಾಯಿಯ ವಿಷಯಕ್ಕೆ ಬರುತ್ತೇನೆ. ಸೀನು ಶುರುವಾದಾಗ ನಾವು ಆಡುವ ಮಾತುಗಳನ್ನು ಒಮ್ಮೆ ಕೇಳಿಸಿಕೊಳ್ಳಿ. "ಮತ್ತೆ ಶುರುವಾಯ್ತಾ?" "ತಲೆ ಒದ್ದೆ ಇಟ್ಕೊಂಡು ಓಡಾಡಿದೆ, ಅದಕ್ಕೇ." "ಮಾತ್ರೆ ತಗೊಂಡ್ಯಾ ಇಲ್ವಾ?" ಮೂರರಲ್ಲೂ ಒಂದೊಂದು ಆರೋಪ ಇದೆ. ಅದರಲ್ಲೂ ಮೂರನೆಯದು ಪ್ರೀತಿಯ ವೇಷದಲ್ಲಿ ಬರುತ್ತದೆ. ಸ್ಪ್ರೇ ನೆನಪಿಸಬೇಕಾದರೆ ಸೀನುವ ಹೊತ್ತಲ್ಲಿ ಬೇಡ. ಹಲ್ಲುಜ್ಜುವ ಬ್ರಷ್ ಪಕ್ಕ ಬಾಟಲಿ ಇಡಿ, ಅದೇ ನೆನಪಿಸುತ್ತದೆ. ಸೀನು ಬಂದಾಗ ಒಂದು ಟಿಶ್ಯೂ ಕೈಗೆ ಕೊಟ್ಟು, ಕಸದ ಬುಟ್ಟಿ ಹತ್ತಿರ ತಂದಿಟ್ಟು, ನಿಲ್ಲುವ ತನಕ ಕಾದು, ಅವರು ಅರ್ಧಕ್ಕೆ ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸಲು ಬಿಡಿ.

ಕೊರೊನಾ ಬಂದು ಹೋದ ಮೇಲೆ ಹೊರಗೆ ಸೀನುವುದು ಅವರಿಗೆ ಇನ್ನೊಂದು ಕಷ್ಟ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ಹಾಗಾದಾಗ ನೀವು "ಅಲರ್ಜಿ ಅಷ್ಟೇ, ಅಂಟುವುದಿಲ್ಲ" ಅಂತ ಹೇಳಬಹುದು. ಆದರೆ ಅವರಿಗೆ ಅದು ಇಷ್ಟವಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕೆಲವರಿಗೆ ತಮ್ಮ ಪರವಾಗಿ ಬೇರೆಯವರು ಮಾತಾಡುವುದು ಸೀನಿಗಿಂತ ಜಾಸ್ತಿ ಮುಜುಗರ.

ಮಕ್ಕಳು ಹೇಳುವುದಿಲ್ಲ, ತೋರಿಸುತ್ತಾರೆ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವುದು, ಅದರಿಂದ ಮೂಗಿನ ಮೇಲೆ ಅಡ್ಡ ಗೆರೆ ಬೀಳುವುದು, ಕಣ್ಣಿನ ಕೆಳಗೆ ಕಪ್ಪು, ಸದಾ ತೆರೆದ ಬಾಯಿ, ಅಂಗುಳ ತುರಿಸಿ ನಾಲಿಗೆಯಿಂದ ಟಕ್ ಟಕ್ ಸದ್ದು. ಇದನ್ನೆಲ್ಲ ಕೆಟ್ಟ ಅಭ್ಯಾಸ ಅಂತ ಬೈದು ಬಿಡಿಸಲು ಹೋಗಬೇಡಿ. ಶಾಲೆಯಲ್ಲಿ ಕಿಟಕಿ, ಬೋರ್ಡು, ಕಪಾಟಿನಿಂದ ದೂರ ಕೂರಿಸಲು ಟೀಚರ್ ಹತ್ತಿರ ಕೇಳಿ.

ಆಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಹಾಗಾಗಿ ಉಸಿರಾಡುವಾಗ ಸಿಳ್ಳೆಯಂಥ ಸದ್ದು, ರಾತ್ರಿ ಕೆಮ್ಮು, ಎದೆ ಬಿಗಿತ ಕಂಡರೆ ತಡ ಮಾಡಬೇಡಿ. ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಒಂದೇ ಕಡೆಯಿಂದ ರಕ್ತ ಅಥವಾ ಕೆಟ್ಟ ವಾಸನೆಯ ಸಿಂಬಳ ಬರುವುದು, ಇವು ಅಲರ್ಜಿಯ ಲಕ್ಷಣ ಅಲ್ಲ. ಚಿಕ್ಕ ಮಕ್ಕಳಾದರೆ ಮೂಗಿಗೆ ಏನಾದರೂ ತೂರಿಸಿಕೊಂಡಿರಬಹುದು. ದೊಡ್ಡವರಾದರೆ ಕಿವಿ ಮೂಗು ಗಂಟಲಿನ ವೈದ್ಯರು ಒಳಗೆ ನೋಡಲೇಬೇಕು.

ಔಷಧಿಯಿಂದಲೂ ಹಿಡಿತಕ್ಕೆ ಬರದಿದ್ದರೆ ಇಮ್ಯುನೊಥೆರಪಿ ಇದೆ. ಯಾವುದಕ್ಕೆ ಅಲರ್ಜಿಯೋ ಅದನ್ನೇ ಸ್ವಲ್ಪ ಸ್ವಲ್ಪವಾಗಿ ಇಂಜೆಕ್ಷನ್ ಅಥವಾ ನಾಲಿಗೆ ಕೆಳಗಿನ ಮಾತ್ರೆ, ಹನಿಯಾಗಿ ಕೊಟ್ಟು ದೇಹವನ್ನು ಒಗ್ಗಿಸುವುದು. 1911ರಲ್ಲಿ ಲಿಯೊನಾರ್ಡ್ ನೂನ್ ಎಂಬ ವೈದ್ಯರು ಪರಾಗದ ಇಂಜೆಕ್ಷನ್ ಬಗ್ಗೆ ಬರೆದಾಗಿನಿಂದ ಬೆಳೆದುಬಂದ ಚಿಕಿತ್ಸೆ ಇದು. ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕಾಯಬೇಕು, ಅಪರೂಪಕ್ಕೆ ಜೋರಾದ ಪ್ರತಿಕ್ರಿಯೆ ಆಗಬಹುದು. ಮೂರು ವರ್ಷ ಒಬ್ಬರೇ ಹೋಗಿ ಬರುವವರು ನಡುವೆ ಬಿಟ್ಟುಬಿಡುವುದು ಸುಲಭ. ಜೊತೆಗೆ ಹೋಗಿ ಆ ಅರ್ಧ ಗಂಟೆ ಪಕ್ಕದಲ್ಲಿ ಕೂರುವುದು ದೊಡ್ಡ ಸಹಾಯ.

ಈಗ ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳಿದರು: "ನೆಗಡಿಯೋ ಅಲರ್ಜಿಯೋ ಅಂತ ಮನೆಯಲ್ಲೇ ಹೇಗೆ ಹೇಳೋದು?"

ನೆಗಡಿ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ಮುಗಿಯುತ್ತದೆ. ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಜ್ವರ ಇರುತ್ತದೆ. ಸಿಂಬಳ ಗಟ್ಟಿಯಾಗುತ್ತದೆ. ಅಲರ್ಜಿಯಲ್ಲಿ ಜ್ವರ ಇಲ್ಲ. ನೀರಿನಂಥ ಸೋರಿಕೆ, ಸಾಲು ಸೀನು, ಮೂಗು ಕಣ್ಣು ಅಂಗುಳದ ತುರಿಕೆ. ತುರಿಕೆ ಇದ್ದರೆ ಅಲರ್ಜಿಯ ಅನುಮಾನ ಜಾಸ್ತಿ. ಯಾವಾಗ, ಎಲ್ಲಿ, ಏನು ಮಾಡುತ್ತಿದ್ದಾಗ ಬಂತು ಅಂತ ನೀವು ಒಂದು ಕಡೆ ಬರೆದಿಡಿ. ವೈದ್ಯರಿಗೆ ಅಲರ್ಜಿ ಪತ್ತೆಗೆ ಮಾಡುವ ಚರ್ಮದ ಪರೀಕ್ಷೆಯಷ್ಟೇ ಈ ಟಿಪ್ಪಣಿಯೂ ಉಪಯೋಗಕ್ಕೆ ಬರುತ್ತದೆ.

ಇನ್ನೊಬ್ಬರು, ಬಹಳ ಸಂಕೋಚದಿಂದ: "ಮಗನಿಗೆ ಬೆಕ್ಕಿನ ಅಲರ್ಜಿ ಅಂತ ಗೊತ್ತಾಗಿದೆ. ಮಗಳಿಗೆ ಬೆಕ್ಕು ಅಂದ್ರೆ ಪ್ರಾಣ. ಏನು ಮಾಡ್ಲಿ?"

ಇದಕ್ಕೆ ಸುಲಭದ ಉತ್ತರ ಇಲ್ಲಮ್ಮ. ಬೆಕ್ಕಿನ ಅಲರ್ಜಿ ಅಂಶ ಅದರ ಜೊಲ್ಲಿನಲ್ಲಿ, ಚರ್ಮದಲ್ಲಿ ಇರುತ್ತದೆ. ಕಣ ತುಂಬಾ ಸಣ್ಣದು, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಬಟ್ಟೆಗೆ ಅಂಟಿಕೊಂಡು ಬೆಕ್ಕು ಇಲ್ಲದ ಜಾಗಕ್ಕೂ ಹೋಗುತ್ತದೆ. ಬೆಕ್ಕನ್ನು ಕಳಿಸಿದ ಮೇಲೂ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಒಂದು ವಾರ ಬೆಕ್ಕನ್ನು ಬೇರೆಡೆ ಬಿಟ್ಟು ನೋಡಿ ತೀರ್ಮಾನಕ್ಕೆ ಬರಲು ಆಗುವುದಿಲ್ಲ. ಮಗನಿಗೆ ಉಸಿರಾಟದ ತೊಂದರೆ ಇದ್ದರೆ ಬೆಕ್ಕಿಗೆ ಬೇರೆ ಒಳ್ಳೆಯ ಮನೆ ಹುಡುಕಲೇಬೇಕು. ಬರೀ ಮೂಗಿನ ತೊಂದರೆ ಆದರೆ ಮಗನ ಮಲಗುವ ಕೋಣೆಗೆ ಬೆಕ್ಕನ್ನು ಬಿಡದೆ, ಔಷಧಿ ನಡೆಸಿ ನೋಡಬಹುದು. ಏನೇ ಮಾಡಿದರೂ ಮಗಳ ಮುಂದೆ "ನಿನ್ನ ಅಣ್ಣನಿಂದ ಬೆಕ್ಕು ಹೋಯಿತು" ಅನ್ನುವ ಮಾತು ಬರದಿರಲಿ. ಅಣ್ಣ ಅದನ್ನು ಬಹಳ ವರ್ಷ ಹೊತ್ತುಕೊಂಡು ತಿರುಗುತ್ತಾನೆ.

ಹಿಂದಿನ ಸಾಲಿನಿಂದ ಒಬ್ಬರು ಹೆಂಗಸು: "ಅವರ ಸೀನು, ಗೊರಕೆಯಿಂದ ನನಗೇ ನಿದ್ದೆ ಇಲ್ಲ. ಬೇರೆ ಕೋಣೆಗೆ ಹೋಗಿ ಮಲಗಿದ್ರೆ ಬೇಜಾರು ಮಾಡ್ಕೋತಾರೆ."

ಒಳ್ಳೆಯದೇ ಕೇಳಿದಿರಿ. ನಿಮ್ಮ ನಿದ್ದೆಯೂ ನಿದ್ದೆಯೇ. ಜಾಸ್ತಿ ಆದ ರಾತ್ರಿಗಳಲ್ಲಿ ಬೇರೆ ಮಲಗುವುದು ತಪ್ಪಲ್ಲ. ಆದರೆ ಮಧ್ಯರಾತ್ರಿ ಸಿಟ್ಟಿನಿಂದ ದಿಂಬು ಎತ್ತಿಕೊಂಡು ಹೋಗುವುದಕ್ಕೂ, ಸಂಜೆಯೇ ಕೂತು ಮಾತಾಡಿ ತೀರ್ಮಾನಿಸುವುದಕ್ಕೂ ವ್ಯತ್ಯಾಸ ಇದೆ. ಅವರ ತಲೆಯ ಕಡೆ ಹಾಸಿಗೆ ಸ್ವಲ್ಪ ಎತ್ತರ ಮಾಡಿ ನೋಡಿ, ಕಟ್ಟಿದ ಮೂಗು ಒಂದಿಷ್ಟು ಬಿಡುತ್ತದೆ. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರಾ ಅಂತ ಮಾತ್ರ ಒಮ್ಮೆ ಗಮನಿಸಿ. ಹಾಗೆ ಇದ್ದರೆ ಅದು ಬರೀ ಅಲರ್ಜಿ ಅಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಅವರಿಗೆ ಹೇಳಿ, ಒಪ್ಪಿಸಿ, ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಅದನ್ನು ತೋರಿಸಿ. ನಾವು ಬಾಯಲ್ಲಿ ವಿವರಿಸುವುದಕ್ಕಿಂತ ಅವರಿಗೆ ಅದರಿಂದ ಬೇಗ ಅರ್ಥವಾಗುತ್ತದೆ.